ಮತ ಬೇಕು, ಮಾತು ಬೇಡ

2023ರ ಸೆಪ್ಟೆಂಬರ್‌ನಲ್ಲಿ ಎಚ್.ಡಿ. ಕುಮಾರಸ್ವಾಮಿ ದೆಹಲಿಗೆ ಹೋಗಿ ಅಮಿತ್ ಶಾ ಅವರನ್ನು ಭೇಟಿಯಾದರು, ಜೆಡಿಎಸ್ ಎನ್‌ಡಿಎ ಸೇರಿತು. ಹಾಸನ, ಮಂಡ್ಯ, ತುಮಕೂರು ಜಿಲ್ಲೆಗಳ ಹಳ್ಳಿಗಳಲ್ಲಿ ಆ ಪಕ್ಷದ ಬಾವುಟ ಕಟ್ಟಿದವರಿಗೆ ಇದು ಗೊತ್ತಾದದ್ದು ಟಿ.ವಿ. ನೋಡಿ. ನಾಲ್ಕೈದು ತಿಂಗಳ ಹಿಂದಷ್ಟೇ ಅವರು ಎರಡೂ ರಾಷ್ಟ್ರೀಯ ಪಕ್ಷಗಳ ವಿರುದ್ಧ ಬಿಸಿಲಲ್ಲಿ ಮನೆಮನೆ ಸುತ್ತಿ ಮತ ಕೇಳಿದ್ದರು. ಆ ವಿಧಾನಸಭಾ ಚುನಾವಣೆಯಲ್ಲಿ ಪಕ್ಷಕ್ಕೆ ಬಂದದ್ದು 19 ಸ್ಥಾನ, ಶೇ 13ರಷ್ಟು ಮತ. ಮತ ಕೊಟ್ಟವರನ್ನು ಬಿಡಿ, ಆಗ ರಾಜ್ಯಾಧ್ಯಕ್ಷರಾಗಿದ್ದ ಸಿ.ಎಂ. ಇಬ್ರಾಹಿಂ ಅವರೇ ತಮ್ಮನ್ನು ಕೇಳದೆ ತೀರ್ಮಾನ ಮಾಡಿದ್ದಾರೆ ಎಂದು ಬಹಿರಂಗವಾಗಿ ಹೇಳಿದರು. ಅಕ್ಟೋಬರ್‌ನಲ್ಲಿ ಅವರನ್ನು ಆ ಸ್ಥಾನದಿಂದ ಇಳಿಸಲಾಯಿತು.

ಮೈತ್ರಿ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನಿಲ್ಲಿ ಹೋಗುವುದಿಲ್ಲ. ರಾಜಕೀಯದಲ್ಲಿ ಮೈತ್ರಿಗಳು ಆಗುತ್ತವೆ, ಮುರಿಯುತ್ತವೆ. ನನ್ನ ತಕರಾರು ಇರುವುದು ತೀರ್ಮಾನ ಆದ ರೀತಿಯ ಬಗ್ಗೆ. ಐವತ್ತು ಲಕ್ಷ ಜನರ ಮತವನ್ನು ಮಡಿಲಲ್ಲಿಟ್ಟುಕೊಂಡ ಪಕ್ಷವೊಂದು ದಿಕ್ಕು ಬದಲಿಸುವ ಮುನ್ನ ಹೋಬಳಿ ಮಟ್ಟದಲ್ಲಿ ಒಂದು ಸಭೆ ಕರೆದು ‘ನಿಮ್ಮ ಅಭಿಪ್ರಾಯವೇನು’ ಎಂದು ಕೇಳಬೇಕಿತ್ತು. ಹಾಗೆ ಕೇಳಬೇಕು ಎಂಬ ಯೋಚನೆಯೂ ಯಾರ ತಲೆಗೂ ಬರಲಿಲ್ಲ.

ಇದು ಜೆಡಿಎಸ್ ಒಂದರ ಕಥೆಯಲ್ಲ. ಅದೇ ಚುನಾವಣೆಯಲ್ಲಿ ಬಿಜೆಪಿಗೆ ಸುಮಾರು 1.4 ಕೋಟಿ ಕನ್ನಡಿಗರು ಮತ ಹಾಕಿದ್ದರು. ಸರ್ಕಾರ ಮಾಡಲು ಆಗಲಿಲ್ಲ, ಸರಿ. ಆದರೆ ವಿರೋಧ ಪಕ್ಷದ ಕೆಲಸವನ್ನಾದರೂ ಮಾಡಿ ಎಂದು 66 ಜನರನ್ನು ವಿಧಾನಸಭೆಗೆ ಕಳಿಸಿದ್ದರಲ್ಲ? ಮೇ 13ರಂದು ಫಲಿತಾಂಶ ಬಂತು. ಆರ್. ಅಶೋಕ ಅವರು ವಿರೋಧ ಪಕ್ಷದ ನಾಯಕರಾದದ್ದು ನವೆಂಬರ್ 17ರಂದು. ನಡುವೆ ಬಜೆಟ್ ಅಧಿವೇಶನವೇ ಮುಗಿದುಹೋಯಿತು. ವಿರೋಧ ಪಕ್ಷದ ನಾಯಕನಿಲ್ಲದೆ ಬಜೆಟ್ ಮೇಲೆ ಚರ್ಚೆ ನಡೆಯಿತು. ದೆಹಲಿಯಲ್ಲಿ ತೀರ್ಮಾನ ಆಗಿಲ್ಲ ಎಂಬುದೇ ಆರು ತಿಂಗಳು ಕೇಳಿಬಂದ ಉತ್ತರ. ಬಿಜೆಪಿಗೆ ಮತ ಹಾಕಿದ ರೈತ, ಅಂಗಡಿಯವ, ಶಿಕ್ಷಕ ಇವರೆಲ್ಲ ಆ ಆರು ತಿಂಗಳು ಯಾರ ಬಾಯಿಂದ ಮಾತಾಡಬೇಕಿತ್ತು?

ಇನ್ನೂ ಹಿಂದಕ್ಕೆ ಹೋದರೆ 2019ರ ಡಿಸೆಂಬರ್ ಉಪಚುನಾವಣೆ. ಬೇರೆ ಪಕ್ಷಗಳಿಂದ ರಾಜೀನಾಮೆ ಕೊಟ್ಟು ಬಿಜೆಪಿಗೆ ಬಂದವರಲ್ಲಿ ಹೆಚ್ಚಿನವರು ಗೆದ್ದರು. ಹುಣಸೂರಿನಲ್ಲಿ ಎಚ್. ವಿಶ್ವನಾಥ್, ಹೊಸಕೋಟೆಯಲ್ಲಿ ಎಂ.ಟಿ.ಬಿ. ನಾಗರಾಜ್ ಸೋತರು. ಅಂದರೆ ಆ ಎರಡು ಕ್ಷೇತ್ರದ ಜನ ‘ಬೇಡ’ ಎಂದು ಸ್ಪಷ್ಟವಾಗಿ ಹೇಳಿದರು. 2020ರಲ್ಲಿ ಇಬ್ಬರೂ ವಿಧಾನ ಪರಿಷತ್ತಿಗೆ ಹೋದರು, ಒಬ್ಬರು ನಾಮನಿರ್ದೇಶನದಿಂದ, ಇನ್ನೊಬ್ಬರು ಶಾಸಕರ ಮತದಿಂದ. 2021ರ ಜನವರಿಯಲ್ಲಿ ನಾಗರಾಜ್ ಸಚಿವರೂ ಆದರು. ಕಾನೂನಿನ ಪ್ರಕಾರ ಇದರಲ್ಲಿ ತಪ್ಪಿಲ್ಲದಿರಬಹುದು. ಆದರೆ ಮತಗಟ್ಟೆಯಲ್ಲಿ ಸಾಲು ನಿಂತು ಒಂದು ಮಾತು ಹೇಳಿದ ಜನರಿಗೆ ಪಕ್ಷ ಕೊಟ್ಟ ಉತ್ತರ ಇದು.

ಕಾಂಗ್ರೆಸ್ಸಿನ ವಿಷಯಕ್ಕೆ ಮುಂದೆ ಬರುತ್ತೇನೆ. ಅದಕ್ಕೂ ಮೊದಲು, ಒಂದರ ಹಿಂದೆ ಒಂದು ಬಂದ ಸರ್ಕಾರಗಳು ಮಾಡಿದ ಒಂದು ದೊಡ್ಡ ಅನ್ಯಾಯದ ಬಗ್ಗೆ ಹೇಳಬೇಕು. ಮತದಾರನ ಸಿಟ್ಟಿನ ಬೇರು ಇರುವುದು ಅಲ್ಲಿ.

ಕರ್ನಾಟಕದ ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ ಕಡೆಯದಾಗಿ ಚುನಾವಣೆ ನಡೆದದ್ದು 2016ರ ಫೆಬ್ರುವರಿಯಲ್ಲಿ. ಆ ಸದಸ್ಯರ ಅವಧಿ 2021ರ ಏಪ್ರಿಲ್-ಮೇ ತಿಂಗಳಲ್ಲಿ ಮುಗಿಯಿತು. ಬಿಬಿಎಂಪಿ ಕೌನ್ಸಿಲ್‌ನ ಅವಧಿ ಅದಕ್ಕೂ ಮೊದಲೇ, 2020ರ ಸೆಪ್ಟೆಂಬರ್ 10ಕ್ಕೆ ಮುಗಿದಿತ್ತು. 2025 ಕಳೆದರೂ ಇವು ಯಾವುದಕ್ಕೂ ಚುನಾವಣೆ ಆಗಲಿಲ್ಲ. ಅವಧಿ ಮುಗಿಯುವ ಮೊದಲೇ ಚುನಾವಣೆ ಮುಗಿಸಬೇಕು ಎಂದು ಸಂವಿಧಾನದ 243ಇ ಮತ್ತು 243ಯು ವಿಧಿಗಳು ನೇರವಾಗಿ ಹೇಳುತ್ತವೆ. 2006ರಲ್ಲಿ ಅಹಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒತ್ತಿ ಹೇಳಿತ್ತು. ಕ್ಷೇತ್ರ ವಿಂಗಡಣೆ, ಹಿಂದುಳಿದ ವರ್ಗಗಳ ಮೀಸಲಾತಿ ಬಾಕಿ ಇದೆ ಎಂಬ ಕಾರಣಕ್ಕೂ ಚುನಾವಣೆ ಮುಂದೂಡಬಾರದು ಎಂದು 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಮತ್ತೆ ಹೇಳಿತು.

ನಮ್ಮಲ್ಲಿ ನಡೆದದ್ದೇನು? 2021ರಲ್ಲಿ ರಾಜ್ಯ ಚುನಾವಣಾ ಆಯೋಗ ಕ್ಷೇತ್ರ ವಿಂಗಡಣೆ ಮುಗಿಸಿ, ಮೀಸಲಾತಿಯ ಕರಡನ್ನೂ ಹೊರಡಿಸಿತ್ತು. ಆಗಿನ ಬಿಜೆಪಿ ಸರ್ಕಾರ ಕಾಯ್ದೆಗೇ ತಿದ್ದುಪಡಿ ತಂದು ಆ ಅಧಿಕಾರವನ್ನು ಆಯೋಗದ ಕೈಯಿಂದ ಕಿತ್ತುಕೊಂಡು, ಬೇರೆ ಆಯೋಗ ರಚಿಸಿತು. ಮಾಡಿದ ಕೆಲಸವೆಲ್ಲ ಹೊಸದಾಗಿ ಶುರುವಾಯಿತು. 2022ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಬೇಸತ್ತು 5 ಲಕ್ಷ ರೂಪಾಯಿ ದಂಡ ಹಾಕಿತು. 2023ರಲ್ಲಿ ಸರ್ಕಾರ ಬದಲಾಯಿತು. ವಿರೋಧ ಪಕ್ಷದಲ್ಲಿದ್ದಾಗ ‘ಚುನಾವಣೆ ಮಾಡಿ’ ಎಂದು ಕೂಗಿದ ಕಾಂಗ್ರೆಸ್ ಅಧಿಕಾರಕ್ಕೆ ಬಂದ ಮೇಲೆ ಅದೇ ಹಾದಿ ಹಿಡಿಯಿತು. ಅಧಿಕಾರ ಕಳೆದುಕೊಂಡ ಬಿಜೆಪಿ ಅದೇ ಕೂಗನ್ನು ಎತ್ತಿಕೊಂಡಿತು. ಆಡುವವರು ಜಾಗ ಬದಲಿಸಿಕೊಂಡರು, ಚುನಾಯಿತರ ಜಾಗದಲ್ಲಿ ಕೂತ ಆಡಳಿತಾಧಿಕಾರಿ ಮಾತ್ರ ಕುರ್ಚಿಯಿಂದ ಏಳಲಿಲ್ಲ.

ಬೆಂಗಳೂರಿನದು ಇನ್ನೂ ಕೆಟ್ಟ ಕಥೆ. 198 ವಾರ್ಡ್‌ಗಳಿದ್ದವು. 243 ಮಾಡಿದರು. ಸರ್ಕಾರ ಬದಲಾದ ಮೇಲೆ 225ಕ್ಕೆ ಇಳಿಸಿದರು. ನಂತರ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಐದು ಪಾಲಿಕೆ ಆದವು, ವಾರ್ಡ್‌ಗಳ ಸಂಖ್ಯೆ 369ಕ್ಕೆ ಏರಿತು. ಅಷ್ಟೂ ವರ್ಷ ನಗರದಲ್ಲಿ ಒಬ್ಬನೇ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ಒಂದು ಕೋಟಿಗೂ ಹೆಚ್ಚು ಜನರಿರುವ ಊರಿನಲ್ಲಿ ಚರಂಡಿ ಕಟ್ಟಿಕೊಂಡರೆ, ಬೀದಿದೀಪ ಕೆಟ್ಟರೆ ಹೋಗಿ ಬಾಗಿಲು ಬಡಿಯಲು ವಾರ್ಡಿನಲ್ಲಿ ಒಂದು ಮನೆ ಇರಲಿಲ್ಲ. 2025ರಲ್ಲಿ ರಸ್ತೆಗುಂಡಿಗಳ ಬಗ್ಗೆ ದೊಡ್ಡ ಉದ್ಯಮಿಗಳು ‘ಎಕ್ಸ್’ನಲ್ಲಿ ಬರೆದಾಗ ಉಪಮುಖ್ಯಮಂತ್ರಿಯಿಂದ ಹಿಡಿದು ಸಚಿವರವರೆಗೆ ಉತ್ತರ ಕೊಟ್ಟರು. ಒಳ್ಳೆಯದೇ. ಆದರೆ ಲಗ್ಗೆರೆಯ ಗಾರ್ಮೆಂಟ್ಸ್ ಕೆಲಸಗಾರ್ತಿ ಎಲ್ಲಿ ಬರೆಯಬೇಕು? ಅವರ ಮತವೂ ಒಂದೇ, ಉದ್ಯಮಿಯ ಮತವೂ ಒಂದೇ. 2023ರ ವಿಧಾನಸಭಾ ಚುನಾವಣೆಯಲ್ಲಿ ರಾಜ್ಯದಲ್ಲಿ ಶೇ 73ರಷ್ಟು ಮತದಾನವಾದರೆ ಬೆಂಗಳೂರಿನಲ್ಲಿ ಶೇ 55ರ ಆಸುಪಾಸಿನಲ್ಲೇ ನಿಂತಿತು. ಪ್ರತಿ ಸಲವೂ ನಗರದವರಿಗೆ ಸೋಮಾರಿತನ ಎಂದು ಬೈಯುತ್ತೇವೆ. ಓಟು ಹಾಕಿದ ಮರುದಿನದಿಂದ ಹಿಡಿದು ಮುಂದಿನ ಚುನಾವಣೆಯವರೆಗೆ ಆ ಓಟಿನಿಂದ ತಮ್ಮ ಬೀದಿಯಲ್ಲಿ ಏನಾದರೂ ಆದದ್ದನ್ನು ಅವರು ನೋಡಿದ್ದಾರೆಯೇ ಎಂದು ಮಾತ್ರ ಕೇಳುವುದಿಲ್ಲ.

ತಾಲ್ಲೂಕು, ಜಿಲ್ಲಾ ಪಂಚಾಯಿತಿ ಎಂಬ ಮಧ್ಯದ ಮೆಟ್ಟಿಲು ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಪಟ್ಟಣದಲ್ಲಿ ಕೂತವರಿಗೆ ಅಷ್ಟು ಸುಲಭವಾಗಿ ಕಾಣುವುದಿಲ್ಲ. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ. ಪಕ್ಷದ ಚಿಹ್ನೆಯ ಮೇಲೆ ಗೆದ್ದು ಹಳ್ಳಿಯ ಮನುಷ್ಯನಿಗೆ ಕೈಗೆ ಸಿಗುವ ಮೊದಲ ಪ್ರತಿನಿಧಿ ತಾಲ್ಲೂಕು ಪಂಚಾಯಿತಿ ಸದಸ್ಯ. ಹತ್ತು ಹದಿನೈದು ಸಾವಿರ ಜನರಿಗೆ ಒಬ್ಬರು. ಸಂತೆಯಲ್ಲಿ ಸಿಗುತ್ತಾರೆ, ಮದುವೆ ಮನೆಯಲ್ಲಿ ಸಿಗುತ್ತಾರೆ, ಹಾಲಿನ ಡೇರಿ ಮುಂದೆ ಬೆಳಿಗ್ಗೆ ನಿಲ್ಲಿಸಿ ‘ಏನ್ ಅಣ್ಣ, ನಮ್ಮ ಕೇರಿ ನೀರಿನ ಪೈಪು ಏನಾಯ್ತು?’ ಎಂದು ಗದರಿಸಿ ಕೇಳಬಹುದು. ಆ ಸದಸ್ಯ ತಪ್ಪಿಸಿಕೊಂಡು ಹೋಗುವಂತಿಲ್ಲ, ನಾಳೆ ಅದೇ ದಾರಿಯಲ್ಲಿ ಬರಬೇಕು. ಅವರನ್ನು ತೆಗೆದುಬಿಟ್ಟರೆ ಉಳಿಯುವುದು ಶಾಸಕರು. 2023ರಲ್ಲಿ ರಾಜ್ಯದಲ್ಲಿ 5.3 ಕೋಟಿ ಮತದಾರರು, 224 ಶಾಸಕರು. ಒಬ್ಬ ಶಾಸಕರಿಗೆ ಸರಾಸರಿ 2.3 ಲಕ್ಷಕ್ಕೂ ಹೆಚ್ಚು ಮತದಾರರು. ಎಷ್ಟೇ ಒಳ್ಳೆಯ ಶಾಸಕರಾದರೂ ಇಷ್ಟು ಜನರ ಮಾತಿಗೆ ಕಿವಿಗೊಡುವುದು ಸಾಧ್ಯವಿಲ್ಲ. ಆಗ ಏನಾಗುತ್ತದೆ? ಶಾಸಕರ ಆಪ್ತ ಸಹಾಯಕ, ಅವರ ಹಿಂದೆ ಮುಂದೆ ಓಡಾಡುವ ಹತ್ತಿಪ್ಪತ್ತು ಗುತ್ತಿಗೆದಾರರು, ಇವರೇ ಕ್ಷೇತ್ರದ ಕಣ್ಣು ಕಿವಿ ಆಗುತ್ತಾರೆ. ಇವರನ್ನು ಯಾರೂ ಚುನಾಯಿಸಿಲ್ಲ, ಇವರನ್ನು ಯಾರೂ ಸೋಲಿಸಲೂ ಆಗುವುದಿಲ್ಲ.

ನಮ್ಮ ತಾಲ್ಲೂಕು ಪಂಚಾಯಿತಿ ಕಚೇರಿಯ ಸಭಾಂಗಣದಲ್ಲಿ ಮರದ ಫಲಕವೊಂದಿದೆ. ಅಧ್ಯಕ್ಷರಾದವರ ಹೆಸರು, ಅವಧಿಯನ್ನು ಬಿಳಿ ಬಣ್ಣದಲ್ಲಿ ಬರೆಸಿದ್ದಾರೆ. ಕಡೆಯ ಹೆಸರು ಒಬ್ಬ ಮಹಿಳೆಯದು, ಮುಂದೆ 2021 ಎಂದಿದೆ. ಅದರ ಕೆಳಗೆ ಇನ್ನೂ ನಾಲ್ಕು ಸಾಲಿನಷ್ಟು ಜಾಗ ಖಾಲಿ. ಅಧ್ಯಕ್ಷರ ಕೊಠಡಿಯಲ್ಲಿ ಈಗ ಮತಪೆಟ್ಟಿಗೆಯಷ್ಟು ದೊಡ್ಡ ದೊಡ್ಡ ಕಡತದ ಕಟ್ಟುಗಳನ್ನು ಒಟ್ಟಿದ್ದಾರೆ. ಮೊದಲು ಸಾಮಾನ್ಯ ಸಭೆ ಇದ್ದ ದಿನ ಈ ಕಚೇರಿಯ ಅಂಗಳದಲ್ಲಿ ಬೈಕ್ ನಿಲ್ಲಿಸಲು ಜಾಗ ಇರುತ್ತಿರಲಿಲ್ಲ. ಕೃಷಿ ಇಲಾಖೆಯವರು, ಬಿಇಒ, ಅಂಗನವಾಡಿ ಮೇಲ್ವಿಚಾರಕಿ, ನೀರಿನ ಎಂಜಿನಿಯರ್ ಎಲ್ಲರೂ ಫೈಲು ಹಿಡಿದು ಬರಬೇಕಿತ್ತು. ಸದಸ್ಯರು ಎದ್ದು ನಿಂತು ಬೈಯುತ್ತಿದ್ದರು, ಕೆಲವೊಮ್ಮೆ ವಿಷಯ ಬಿಟ್ಟು ಕೂಗಾಡುತ್ತಿದ್ದರು. ಗಲಾಟೆಯೇ ಆಗಲಿ, ಬಿತ್ತನೆ ಬೀಜ ಯಾಕೆ ಬಂದಿಲ್ಲ ಎಂಬುದಕ್ಕೆ ಅಧಿಕಾರಿ ಎಲ್ಲರೆದುರು ಉತ್ತರ ಕೊಡಬೇಕಾಗುತ್ತಿತ್ತು, ಆ ಉತ್ತರ ನಡಾವಳಿ ಪುಸ್ತಕದಲ್ಲಿ ದಾಖಲಾಗುತ್ತಿತ್ತು. ಈಗ ಶಾಸಕರು ಪುರುಸೊತ್ತಾದಾಗ ಕರೆಯುವ ಕೆಡಿಪಿ ಸಭೆಯೊಂದೇ ಗತಿ. ಅಲ್ಲಿ ವಿರೋಧಿಗಳ ದನಿಗೆ ಜಾಗವೇ ಇಲ್ಲದಂತಾಗಿದೆ.

ಶಾಸಕರಿಗೆ ಈ ಚುನಾವಣೆ ಯಾಕೆ ಬೇಡ ಎಂಬುದು ಗುಟ್ಟಿನ ಮಾತೇನಲ್ಲ, ಪ್ರತಿ ತಾಲ್ಲೂಕಿನ ಹೋಟೆಲಿನಲ್ಲೂ ಜನ ಆಡಿಕೊಳ್ಳುವುದೇ. ಇಂದಿನ ಜಿಲ್ಲಾ ಪಂಚಾಯಿತಿ ಸದಸ್ಯ ನಾಳೆಯ ಟಿಕೆಟ್ ಆಕಾಂಕ್ಷಿ. ಅನುದಾನ ಹಂಚುವಾಗ ಪಾಲು ಕೇಳುವ ಇನ್ನೊಬ್ಬ. ಫಲಾನುಭವಿಗಳ ಪಟ್ಟಿಯಲ್ಲಿ ಹೆಸರು ಸೇರಿಸಲು ಜಗಳ ತೆಗೆಯುವವ. ಅಂಥವರು ಇಲ್ಲದಿದ್ದರೆ ಶಾಸಕರಿಗೆ ನೆಮ್ಮದಿ. ಪಕ್ಷಕ್ಕೂ ಇದು ಅನುಕೂಲ. ಒಂದು ಸ್ಥಾನಕ್ಕೆ ಹತ್ತು ಜನ ಕೇಳುತ್ತಾರೆ, ಒಬ್ಬರಿಗೆ ಕೊಟ್ಟರೆ ಒಂಬತ್ತು ಜನ ಮುನಿಸಿಕೊಳ್ಳುತ್ತಾರೆ ಎಂಬ ಭಯ.

ನೋವಾಗುವುದು ಇಲ್ಲಿ. ಸಿದ್ದರಾಮಯ್ಯ ಅವರ ರಾಜಕೀಯ ಶುರುವಾದದ್ದು 1978ರಲ್ಲಿ ಮೈಸೂರು ತಾಲ್ಲೂಕು ಬೋರ್ಡಿನಿಂದ. ಬಿ.ಎಸ್. ಯಡಿಯೂರಪ್ಪ 1970ರ ದಶಕದಲ್ಲಿ ಶಿಕಾರಿಪುರ ಪುರಸಭೆಯ ಸದಸ್ಯರಾಗಿದ್ದರು. ಡಿ.ಕೆ. ಶಿವಕುಮಾರ್ 1985ರಲ್ಲಿ ಸಾತನೂರಿನಲ್ಲಿ ದೇವೇಗೌಡರ ವಿರುದ್ಧ ಸೋತು, 1987ರಲ್ಲಿ ಜಿಲ್ಲಾ ಪರಿಷತ್ ಸದಸ್ಯರಾದವರು. ದೇವೇಗೌಡರೂ ಹೊಳೆನರಸೀಪುರದ ಸಹಕಾರ ಸಂಘ, ತಾಲ್ಲೂಕು ಬೋರ್ಡಿನ ಮೂಲಕ ಬಂದವರು. 1987ರ ಆ ಚುನಾವಣೆ ಸಾಧ್ಯವಾದದ್ದು ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಅಬ್ದುಲ್ ನಜೀರ್ ಸಾಬ್ ತಂದ 1983ರ ಕಾಯ್ದೆಯಿಂದ. ಮಹಿಳೆಯರಿಗೆ ಶೇ 25 ಮೀಸಲಾತಿ ಕೊಟ್ಟು, ಇಡೀ ದೇಶ ತಿರುಗಿ ನೋಡುವಂತೆ ಮಾಡಿದ ರಾಜ್ಯ ನಮ್ಮದು. ಶಾಲೆ ಬಿಟ್ಟ ರೈತನ ಮಗ, ಶ್ರೀಮಂತಿಕೆ ಇಲ್ಲದ ವಕೀಲ ವಿಧಾನಸೌಧ ಸೇರುವ ದಾರಿ ಅದು. ತಾವು ಹತ್ತಿ ಬಂದ ಏಣಿಯನ್ನು ಈ ಹಿರಿಯರೇ ಒದೆದು ಕೆಡವಿದರು ಎಂದು ಹೇಳಲು ಸಂಕಟವಾಗುತ್ತದೆ, ಆದರೆ ಹೇಳದೆ ಇರಲಾಗದು.

ಹೆಣ್ಣುಮಕ್ಕಳಿಗೆ ಆದ ನಷ್ಟವನ್ನು ಲೆಕ್ಕ ಹಾಕಿದವರಿಲ್ಲ. 2016ರಲ್ಲಿ ಜಿಲ್ಲಾ ಪಂಚಾಯಿತಿಗಳಲ್ಲಿ ಸಾವಿರಕ್ಕೂ ಹೆಚ್ಚು ಸ್ಥಾನಗಳಿದ್ದವು, ಅರ್ಧ ಮಹಿಳೆಯರಿಗೆ. 2023ರಲ್ಲಿ ವಿಧಾನಸಭೆಗೆ ಗೆದ್ದು ಬಂದ ಮಹಿಳೆಯರು ಹತ್ತು ಜನ. ಕೆಳಗಿನ ನೂರಾರು ಸ್ಥಾನಗಳಲ್ಲಿ ಮಾತು ಕಲಿತ, ಬಜೆಟ್ ಓದಲು ಕಲಿತ, ಅಧಿಕಾರಿಯ ಕಣ್ಣಲ್ಲಿ ಕಣ್ಣಿಟ್ಟು ಪ್ರಶ್ನೆ ಕೇಳಲು ಕಲಿತ ಹೆಣ್ಣುಮಕ್ಕಳು ಮೇಲೆ ಬರಬೇಕಿತ್ತು. ಅವರ ಒಂದಿಡೀ ಅವಧಿಯನ್ನೇ ನುಂಗಿ ಹಾಕಿದೆವು.

ಈಗ ಕಾಂಗ್ರೆಸ್ಸಿಗೆ ಬರೋಣ. ನಮಗೂ ಜನರಿಗೂ ನೇರ ಸಂಪರ್ಕವಿದೆ, ನಮ್ಮ ಗ್ಯಾರಂಟಿಗಳು ಪ್ರತಿ ಮನೆಗೂ ತಲುಪಿವೆ ಎಂಬುದು ಅವರ ಉತ್ತರ. ಗ್ಯಾರಂಟಿಗಳನ್ನು ನಾನು ಹೀಗಳೆಯುವುದಿಲ್ಲ. ತಿಂಗಳಿಗೆ 2,000 ರೂಪಾಯಿ ಬಡ ಮನೆಯ ಹೆಂಗಸಿನ ಕೈಗೆ ಬರುವುದು ಸಣ್ಣ ಮಾತಲ್ಲ. ಆದರೆ ಹಣ ತಲುಪುವುದೇ ಬೇರೆ, ಜನರ ಮಾತು ಪಕ್ಷಕ್ಕೆ ತಲುಪುವುದೇ ಬೇರೆ. ಗೃಹಲಕ್ಷ್ಮಿ ಕಂತು ಬಾರದೆ ಹೋದ ತಿಂಗಳು ಆ ಹೆಂಗಸು ಏನು ಮಾಡುತ್ತಾಳೆ ನೋಡಿ. ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗುತ್ತಾಳೆ. ‘ನಮ್ಮ ಕಡೆಯಿಂದ ತಡೆ ಇಲ್ಲಮ್ಮ, ಆಧಾರ್ ಲಿಂಕ್ ಸರಿಯಾಗಿದೆಯಾ ನೋಡಿಸು’ ಎನ್ನುತ್ತಾರೆ. ಅಂಗನವಾಡಿ ಟೀಚರ್ ಹತ್ತಿರ ಹೋಗುತ್ತಾಳೆ, ಅವರು ಸಿಡಿಪಿಒ ಕಚೇರಿಗೆ ಹೋಗು ಎನ್ನುತ್ತಾರೆ. ಅಲ್ಲಿ ‘ಎಲ್ಲರಿಗೂ ಹಂಗೇ ಆಗೈತಿ, ಬರ್ತದ ಹೋಗ್ರಿ’ ಎಂಬ ಉತ್ತರ. ಒಂದು ದಿನದ ಕೂಲಿ ಹೋಯಿತು, ಬಸ್ಸು ಪುಕ್ಕಟೆ ಎಂಬುದಷ್ಟೇ ಸಮಾಧಾನ. ಯಾವ ತಿಂಗಳಿನ ಕಂತು ಎಲ್ಲಿ ನಿಂತಿದೆ ಎಂದು ಅವಳಿಗೆ ತಿಳಿಸುವ, ಅವಳ ಪರವಾಗಿ ಮೇಜು ಕುಟ್ಟಿ ಕೇಳುವ ಚುನಾಯಿತ ಮನುಷ್ಯ ಅವಳ ಹೋಬಳಿಯಲ್ಲಿ ಇಲ್ಲ.

ಈ ಖಾಲಿ ಜಾಗಕ್ಕೆ ಕಾಂಗ್ರೆಸ್ ಸರ್ಕಾರ ಗ್ಯಾರಂಟಿ ಅನುಷ್ಠಾನ ಸಮಿತಿಗಳನ್ನು ತಂದು ಕೂರಿಸಿತು. ರಾಜ್ಯ, ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಪಕ್ಷದ ಕಾರ್ಯಕರ್ತರನ್ನು ಅಧ್ಯಕ್ಷರು, ಸದಸ್ಯರು ಎಂದು ನೇಮಿಸಿ ಬೊಕ್ಕಸದಿಂದ ಗೌರವಧನ ಕೊಟ್ಟಿತು. 2025ರ ಮಾರ್ಚ್‌ನಲ್ಲಿ ವಿಧಾನಸಭೆಯಲ್ಲಿ ಇದರ ಮೇಲೆ ಗದ್ದಲವೇ ಆಯಿತು. ಬಿಜೆಪಿ, ಜೆಡಿಎಸ್ ತಮ್ಮ ಕಾಲದಲ್ಲಿ ಮಾಡಿದ್ದನ್ನು ಮರೆತು ಕೂಗಾಡಿದವು ಎಂಬುದು ನಿಜ. ಹಾಗೆಂದು ಆಕ್ಷೇಪ ಸುಳ್ಳಾಗುವುದಿಲ್ಲ. ತಾಲ್ಲೂಕು ಪಂಚಾಯಿತಿಗೆ ಚುನಾವಣೆ ಮಾಡಿ ಕಾರ್ಯಕರ್ತನಿಗೆ ‘ಹೋಗಪ್ಪ, ಜನರ ಮುಂದೆ ನಿಂತು ಗೆದ್ದು ಬಾ’ ಎನ್ನಬೇಕಾದ ಪಕ್ಷ, ಚುನಾವಣೆಯನ್ನೇ ಮಾಡದೆ ಅವನಿಗೊಂದು ಆದೇಶ ಪತ್ರ ಕೊಟ್ಟು ಸಮಾಧಾನ ಮಾಡಿತು. ಹಾಗೆ ನೇಮಕವಾದವನು ಯಾರಿಗೆ ಉತ್ತರ ಹೇಳುತ್ತಾನೆ? ಪತ್ರ ಕೊಡಿಸಿದ ಶಾಸಕರಿಗೆ. ತಾಲ್ಲೂಕಿನ ಮತದಾರ ಅವನನ್ನು ಕಿತ್ತುಹಾಕಲಾರ.

ಜನತಾ ದರ್ಶನಗಳ ಬಗ್ಗೆಯೂ ಒಂದು ಮಾತು. 2023ರ ನವೆಂಬರ್‌ನಲ್ಲಿ ಮುಖ್ಯಮಂತ್ರಿ ಗೃಹ ಕಚೇರಿ ‘ಕೃಷ್ಣಾ’ದಲ್ಲಿ, 2024ರ ಫೆಬ್ರುವರಿಯಲ್ಲಿ ವಿಧಾನಸೌಧದ ಮುಂದೆ ಸಾವಿರಾರು ಜನ ಸಾಲು ನಿಂತರು. ಕುಮಾರಸ್ವಾಮಿಯವರ ಗ್ರಾಮ ವಾಸ್ತವ್ಯಕ್ಕೂ ಇದೇ ಬಗೆಯ ಜನ ಬಂದಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಪಹಣಿ, ಆಧಾರ್ ಜೆರಾಕ್ಸ್, ಅಂಗವಿಕಲ ಪ್ರಮಾಣಪತ್ರ ಹಿಡಿದು ರಾತ್ರಿ ಬಸ್ಸು ಹತ್ತಿ ಬಂದವರು. ಆ ಅರ್ಜಿಗಳಲ್ಲಿ ಬಹುಪಾಲು ಪಿಂಚಣಿ, ಪೋಡಿ, ಮನೆ, ಖಾತೆ ಬದಲಾವಣೆ. ಇಂಥ ಕೆಲಸಕ್ಕೆ ಬೀದರ್‌ನ, ಕೊಪ್ಪಳದ ಮುದುಕಿ ರಾಜಧಾನಿಗೆ ಬರಬೇಕಾಗಿ ಬಂದದ್ದೇ ಕೆಳಗಿನ ವ್ಯವಸ್ಥೆ ಕುಸಿದದ್ದಕ್ಕೆ ಸಾಕ್ಷಿ. ಮುಖ್ಯಮಂತ್ರಿ ಅರ್ಜಿ ತೆಗೆದುಕೊಳ್ಳುವ ಫೋಟೊ ಪತ್ರಿಕೆಯಲ್ಲಿ ಬಂದಾಗ ಸಂಪರ್ಕ ಬೆಳೆಯಿತು ಎಂದು ಪಕ್ಷ ಸಂತೋಷಪಟ್ಟಿರಬಹುದು. ನನಗೆ ಆ ಸಾಲನ್ನು ನೋಡಿ ದುಃಖವಾಯಿತು.

ಪಕ್ಷಗಳು ಈಗ ಸಂಪರ್ಕ ಎಂದು ಕರೆಯುವುದು ಏನನ್ನು? ಬಿಜೆಪಿ 2014–15ರಲ್ಲಿ ಮಿಸ್ಡ್ ಕಾಲ್ ಕೊಟ್ಟವರನ್ನೆಲ್ಲ ಸದಸ್ಯರೆಂದು ದಾಖಲಿಸಿ, ಹತ್ತು ಕೋಟಿ ಸದಸ್ಯರಿದ್ದಾರೆ ಎಂದು ಹೇಳಿಕೊಂಡಿತು. ಮತದಾರರ ಪಟ್ಟಿಯ ಪ್ರತಿ ಪುಟಕ್ಕೂ ಒಬ್ಬ ಪೇಜ್ ಪ್ರಮುಖ್. ಕಾಂಗ್ರೆಸ್ಸಿನ ಗ್ಯಾರಂಟಿ ಕಾರ್ಡ್, ಎಲ್ಲರ ವಾಟ್ಸ್‌ಆ್ಯಪ್ ಗುಂಪುಗಳು, ಬಾಡಿಗೆಗೆ ತಂದ ಏಜೆನ್ಸಿಗಳ ಸರ್ವೆ. ಇವೆಲ್ಲವೂ ಮೇಲಿನಿಂದ ಕೆಳಕ್ಕೆ ಹರಿಯುವ ದಾರಿಗಳು. ಪೇಜ್ ಪ್ರಮುಖ್ ಆದ ಹುಡುಗ ತನ್ನ ಪುಟದ ಮೂವತ್ತು ಮತದಾರರನ್ನು ಬೂತಿಗೆ ಕರೆತರಬೇಕು. ಆ ಮೂವತ್ತು ಜನರಲ್ಲಿ ಇಪ್ಪತ್ತು ಜನ ‘ಈ ಅಭ್ಯರ್ಥಿ ನಮಗೆ ಬೇಡ’ ಎಂದರೆ ಅದನ್ನು ಮೇಲೆ ಮುಟ್ಟಿಸಲು ಅವನಿಗೆ ದಾರಿ ಇಲ್ಲ. ಸರ್ವೆ ಏಜೆನ್ಸಿಯ ಹುಡುಗ ಮೂರು ಪ್ರಶ್ನೆ ಕೇಳಿ, ಟ್ಯಾಬ್‌ನಲ್ಲಿ ಒತ್ತಿಕೊಂಡು ಹೋಗುತ್ತಾನೆ. ನಮ್ಮ ಉತ್ತರದಿಂದ ಏನು ತೀರ್ಮಾನವಾಯಿತು ಎಂದು ಯಾರೂ ತಿರುಗಿ ಬಂದು ಹೇಳುವುದಿಲ್ಲ.

2022ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಅಧ್ಯಕ್ಷ ಸ್ಥಾನಕ್ಕೆ ಚುನಾವಣೆ ನಡೆದು, ಮಲ್ಲಿಕಾರ್ಜುನ ಖರ್ಗೆ 7,897 ಮತ ಪಡೆದು ಶಶಿ ತರೂರ್ ಅವರನ್ನು ಸೋಲಿಸಿದರು. ಎಷ್ಟೇ ಮಿತಿ ಇದ್ದರೂ ಮತಪೆಟ್ಟಿಗೆ ಇಟ್ಟು ಎಣಿಸಿದರು ಎಂಬುದು ಒಳ್ಳೆಯ ವಿಷಯ. ಹಾಗಿದ್ದರೆ ಬ್ಲಾಕ್ ಕಾಂಗ್ರೆಸ್ ಅಧ್ಯಕ್ಷನನ್ನು, ಬಿಜೆಪಿಯ ಮಂಡಲ ಅಧ್ಯಕ್ಷನನ್ನು, ಜೆಡಿಎಸ್ ತಾಲ್ಲೂಕು ಅಧ್ಯಕ್ಷನನ್ನು ಆ ತಾಲ್ಲೂಕಿನ ಸದಸ್ಯರು ಮತ ಹಾಕಿ ಆರಿಸಲು ಯಾಕೆ ಬಿಡಬಾರದು? ಅಭ್ಯರ್ಥಿ ಆಯ್ಕೆಗೆ ಕಡೇ ಪಕ್ಷ ಬೂತ್ ಸಮಿತಿಗಳ ಗುಪ್ತ ಮತದಾನ ಯಾಕೆ ಆಗಬಾರದು? ‘ಗುಂಪುಗಾರಿಕೆ ಆಗುತ್ತದೆ’ ಎಂಬ ಉತ್ತರವನ್ನು ಮೂರೂ ಪಕ್ಷದ ಮುಖಂಡರ ಬಾಯಲ್ಲಿ ಕೇಳಿದ್ದೇನೆ. ಗುಂಪುಗಾರಿಕೆ ಈಗೇನು ಕಡಿಮೆ ಇದೆಯೇ? ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತಿದೆ, ಅಷ್ಟೇ. ಮುಖ್ಯಮಂತ್ರಿ ಯಾರು, ಎಷ್ಟು ದಿನ ಎಂಬುದನ್ನೂ ಹೈಕಮಾಂಡ್ ಬಾಯಿಂದ ಕೇಳಲು 135 ಸ್ಥಾನ ಗೆದ್ದ ಪಕ್ಷದ ಮತದಾರ ಕಾಯಬೇಕಾಯಿತು.

ಒಂದು ಆಕ್ಷೇಪ ಬರುತ್ತದೆ, ನ್ಯಾಯವಾದದ್ದೇ. ಜಿಲ್ಲಾ ಪಂಚಾಯಿತಿಗಳು ಇದ್ದಾಗಲೂ ಭ್ರಷ್ಟಾಚಾರ ಇತ್ತು, ಹೆಂಡತಿಯ ಕುರ್ಚಿಯಲ್ಲಿ ಗಂಡ ಕೂರುತ್ತಿದ್ದ, ಕಾಮಗಾರಿಯಲ್ಲಿ ಪರ್ಸೆಂಟೇಜ್ ನಡೆಯುತ್ತಿತ್ತು. ನಿಜ. ಆದರೆ ಅವರನ್ನು ಐದು ವರ್ಷಕ್ಕೊಮ್ಮೆ ಜನ ಮನೆಗೆ ಕಳಿಸಬಹುದಿತ್ತು, ಕಳಿಸಿದ್ದಾರೆ ಕೂಡ. ಆಡಳಿತಾಧಿಕಾರಿಯ ಕಾಲದಲ್ಲಿ ಪರ್ಸೆಂಟೇಜ್ ನಿಂತಿದೆ ಎಂದು ಯಾರಾದರೂ ಎದೆ ಮುಟ್ಟಿಕೊಂಡು ಹೇಳಲಿ. ಮೇಲಾಗಿ ಚುನಾಯಿತ ಸಂಸ್ಥೆ ಇಲ್ಲದ ಕಡೆ ಹಣಕಾಸು ಆಯೋಗದ ಅನುದಾನಕ್ಕೂ ಕತ್ತರಿ ಬೀಳುತ್ತದೆ. ದೆಹಲಿ ನಮ್ಮ ಪಾಲು ಕೊಡುತ್ತಿಲ್ಲ ಎಂದು ಕೇಳುವಾಗ, ಕಾಂಗ್ರೆಸ್ ಕೇಳಲಿ, ಬಿಜೆಪಿ ಕೇಳಲಿ, ಈ ಒಂದು ಪಾಲನ್ನು ನಾವೇ ಕೈಯಾರೆ ಬಿಟ್ಟಿದ್ದೇವೆ ಎಂಬುದನ್ನೂ ಒಪ್ಪಿಕೊಳ್ಳಬೇಕು.

ಮತದಾರನಿಗೆ ರಾಜಕೀಯದ ಮೇಲೆ ಆಸಕ್ತಿ ಹೋಗಿದೆ ಎಂಬ ಮಾತನ್ನು ನಾನು ನಂಬುವುದಿಲ್ಲ. 2023ರಲ್ಲಿ ಶೇ 73 ಜನ ಮತಗಟ್ಟೆಗೆ ಬಂದರಲ್ಲ, ಆಸಕ್ತಿ ಹೋಗಿದ್ದರೆ ಬರುತ್ತಿದ್ದರೇ? ಜನರಿಗೆ ಸಿಟ್ಟು ಬಂದಿರುವುದು ತಮ್ಮದೇ ಪಕ್ಷದ ಮೇಲೆ. ತಲೆಮಾರುಗಳಿಂದ ಕೈ ಗುರುತಿಗೆ ಹಾಕಿದವರಿಗೆ, ಜನಸಂಘದ ದೀಪದ ಗುರುತಿನ ಕಾಲದಿಂದ ಇದ್ದವರಿಗೆ, ತೆನೆ ಹೊತ್ತ ಮಹಿಳೆಯ ಬಾವುಟವನ್ನು ಮನೆ ಮೇಲಿಂದ ಇಳಿಸದವರಿಗೆ, ಪಕ್ಷ ಬದಲಿಸುವುದು ಸುಲಭವಲ್ಲ. ಅವರು ಬಿಟ್ಟು ಹೋಗುವುದಿಲ್ಲ ಎಂಬ ಧೈರ್ಯದಲ್ಲೇ ನಾಯಕರು ಅವರ ಮಾತು ಕೇಳುವುದನ್ನು ನಿಲ್ಲಿಸಿದ್ದಾರೆ.

ಅದಕ್ಕೇ ಹೇಳುತ್ತಿದ್ದೇನೆ, ಪಕ್ಷವನ್ನು ಬಿಡಬೇಡಿ, ಪ್ರಶ್ನೆ ಕೇಳುವುದನ್ನು ಬಿಡಬೇಡಿ. ಸದಸ್ಯತ್ವ ನೋಂದಣಿಗೆ, ಸಮಾವೇಶಕ್ಕೆ ಬಸ್ಸು ತುಂಬಿಸಲು, ವಾಟ್ಸ್‌ಆ್ಯಪ್ ಗುಂಪಿಗೆ ನಂಬರ್ ಕೇಳಲು ನಿಮ್ಮ ಪಕ್ಷದವರು ಮನೆಗೆ ಬಂದರೆ ಕೂರಿಸಿ ಕಾಫಿ ಕೊಡಿ. ಆಮೇಲೆ ಕೇಳಿ: ಅವಧಿ ಮುಗಿಯುವ ಮೊದಲೇ ಪಂಚಾಯಿತಿ, ಪಾಲಿಕೆ ಚುನಾವಣೆ ಮಾಡುತ್ತೇವೆ ಎಂದು ನಿಮ್ಮ ಪ್ರಣಾಳಿಕೆಯಲ್ಲಿ ಬರೆಯುತ್ತೀರಾ? ನಮ್ಮ ತಾಲ್ಲೂಕಿನ ಪಕ್ಷದ ಅಧ್ಯಕ್ಷನನ್ನು ಆರಿಸಲು ನಮಗೆ ಮತ ಕೊಡುತ್ತೀರಾ? ‘ಮೇಲಿನವರನ್ನು ಕೇಳಿ ಹೇಳುತ್ತೇವೆ’ ಎಂದರೆ, ಅವರು ಕೇಳಿ ಬರುವವರೆಗೆ ನಿಮ್ಮ ಹೆಸರನ್ನು ಬರೆಸಬೇಡಿ.